ಲೇತ್‌ನಲ್ಲಿ ಸ್ಪೀಡು, ಫೀಡು: ನಾನು ಇಡುವ ಲೆಕ್ಕ

ಲೇತ್ ಅಂದರೆ ಲೋಹದ ರಾಡನ್ನು ತಿರುಗಿಸುತ್ತ ಟೂಲಿನಿಂದ ಕೆತ್ತುವ ಮೆಷಿನ್. ನಮ್ಮ ವರ್ಕ್‌ಶಾಪಿಗೆ ಹೊಸದಾಗಿ ಬರುವ ಹುಡುಗರು ಮೊದಲು ಕೇಳೋದೇ ಇದು: "ಅಣ್ಣಾ, ಎಷ್ಟು ಆರ್‌ಪಿಎಂ ಇಡ್ಬೇಕು?" ಆರ್‌ಪಿಎಂ ಅಂದರೆ ನಿಮಿಷಕ್ಕೆ ಎಷ್ಟು ಸುತ್ತು ಅನ್ನೋದು. ಮೆಟೀರಿಯಲ್ ಯಾವುದು, ಡಯಾ (ವ್ಯಾಸ) ಎಷ್ಟು, ಟೂಲ್ ಯಾವುದು ಅಂತ ಗೊತ್ತಿಲ್ಲದೆ ಏನು ಹೇಳೋದು?

ಲೆಕ್ಕ ಸುಲಭ. ಕಟಿಂಗ್ ಸ್ಪೀಡನ್ನು (ಟೂಲಿನ ಮುಂದೆ ನಿಮಿಷಕ್ಕೆ ಎಷ್ಟು ಮೀಟರ್ ಲೋಹ ಹಾಯುತ್ತದೆ ಅನ್ನೋದು) 320ರಿಂದ ಗುಣಿಸಿ, ಮಿಲಿಮೀಟರ್ ಡಯಾದಿಂದ ಭಾಗಿಸಿ, ಆರ್‌ಪಿಎಂ ಸಿಗುತ್ತದೆ. ಎಚ್‌ಎಸ್‌ಎಸ್ (ಹೈ ಸ್ಪೀಡ್ ಸ್ಟೀಲ್) ಟೂಲಿನಲ್ಲಿ ಎಂಎಸ್ (ಮೈಲ್ಡ್ ಸ್ಟೀಲ್) ಟರ್ನಿಂಗಿಗೆ, ಅಂದರೆ ರಾಡಿನ ಹೊರಮೈ ಕೆತ್ತಲು, ನಾನು ನಿಮಿಷಕ್ಕೆ 28 ಮೀಟರ್ ಹಿಡಿಯುತ್ತೇನೆ. 50 ಎಂಎಂ ರಾಡಿಗೆ 179 ಬರುತ್ತದೆ, ಲಿವರ್ 180ಕ್ಕೆ. ಕಾರ್ಬೈಡ್ ಇನ್ಸರ್ಟ್ (ಟೂಲಿನ ತುದಿಗೆ ಕೂರಿಸುವ ಗಟ್ಟಿ ತುಣುಕು) ಆದರೆ 120 ಮೀಟರ್. ಆಗ 768 ಬರುತ್ತದೆ. ನಮ್ಮ ಗೇರಿನಲ್ಲಿರುವುದು 710, ಸಾಕು.

ಕೆಲಸ ಹೆಚ್ಚಾಗಿ ಕೆಡುವುದು ಫೀಡಿನಲ್ಲಿ, ಅಂದರೆ ಒಂದು ಸುತ್ತಿಗೆ ಟೂಲ್ ಎಷ್ಟು ಎಂಎಂ ಸರಿಯುತ್ತದೆ ಅನ್ನೋದರಲ್ಲಿ. ಟೂಲ್ ಮುರಿದೀತು ಅಂತ ಹೆದರಿ 0.05 ಇಡುತ್ತಾರೆ. 304 ದರ್ಜೆಯ ಸ್ಟೇನ್‌ಲೆಸ್ ಸ್ಟೀಲಿಗೆ ಹೀಗೆ ಮಾಡಿದರೆ ಟೂಲ್ ಕತ್ತರಿಸೋದಿಲ್ಲ, ಸುಮ್ನೆ ಉಜ್ಜುತ್ತದೆ. ಉಜ್ಜಿದ ಜಾಗ ಗಟ್ಟಿಯಾಗುತ್ತದೆ. ಮುಂದಿನ ಕಟ್‌ಗೆ ಗಾಜಿನಂಥ ಪದರ ಎದುರಾಗಿ ಟೂಲಿನ ಮೂತಿ ಹೋಗುತ್ತದೆ. ಎಚ್‌ಎಸ್‌ಎಸ್ ಟೂಲಿದ್ದರೆ ನಾನು ಸ್ಪೀಡನ್ನು 15 ಮೀಟರಿಗೆ ಇಳಿಸುತ್ತೇನೆ, ರಫ್ ಕಟ್‌ನಲ್ಲಿ (ಮೊದಲ ಒರಟು ಕಟ್) ಫೀಡನ್ನು 0.15ಕ್ಕಿಂತ ಕೆಳಗೆ ತರಲ್ಲ.

ಫಿನಿಶ್ ಕಟ್ (ಕೊನೆಗೆ ನಯ ಮಾಡುವ ಕಟ್) ಬೇರೆ ಮಾತು. ಅಲ್ಲಿ ಟೂಲ್ ಬಿಡುವ ಗೆರೆಯ ಎತ್ತರ ಫೀಡಿನ ವರ್ಗಕ್ಕೆ (ಫೀಡನ್ನು ಫೀಡಿನಿಂದಲೇ ಗುಣಿಸಿದ್ದಕ್ಕೆ) ತಕ್ಕಂತೆ ಏರುತ್ತದೆ. 0.4 ಎಂಎಂ ನೋಸ್ ರೇಡಿಯಸ್ (ಟೂಲಿನ ಮೂತಿಯ ದುಂಡಿನ ತ್ರಿಜ್ಯ), 0.2 ಫೀಡ್ ಇದ್ದರೆ ಗೆರೆ ಸುಮಾರು 12 ಮೈಕ್ರಾನ್. ಫೀಡ್ 0.1 ಮಾಡಿದರೆ ಬರೀ 3. ಆದರೆ ಸಮಯ ಎರಡರಷ್ಟು ಹಿಡಿಯುತ್ತದೆ, ಅಲ್ವಾ? ಅದಕ್ಕೇ ಜಾಬ್ (ಕೆತ್ತುತ್ತಿರುವ ತುಂಡು) ದಪ್ಪಗಿದ್ದರೆ 0.8 ನೋಸ್ ಹಾಕುತ್ತೇನೆ. ಆಗ 0.14 ಫೀಡಿನಲ್ಲೇ ಅದೇ 3 ಮೈಕ್ರಾನ್ ಸಿಗುತ್ತದೆ. ಉದ್ದನೆಯ ಸಣ್ಣ ಶಾಫ್ಟಿಗೆ ಮಾತ್ರ ಬೇಡ, ಜಾಬ್ ಅದುರುತ್ತದೆ.

ಉಳಿದದ್ದನ್ನು ಚಿಪ್ಸ್ (ಕತ್ತರಿಸಿ ಬರುವ ಲೋಹದ ಸಿಪ್ಪೆ) ಹೇಳುತ್ತದೆ. ಎಚ್‌ಎಸ್‌ಎಸ್‌ನಲ್ಲಿ ಬೆಳ್ಳಗೋ ತೆಳು ಹಳದಿಯೋ ಬಂದರೆ ಸರಿ. ನೀಲಿಗೆ ತಿರುಗಿತೋ, ಒಂದು ಗೇರ್ ಇಳಿಸಿ. ಕಾರ್ಬೈಡ್‌ನಲ್ಲಿ ನೀಲಿ ಬಂದರೆ ಗಾಬರಿ ಬೇಡ, ಬಿಸಿ ಚಿಪ್ಸ್ ಜೊತೆಗೇ ಹೋಗುತ್ತಿದೆ ಅಂತ ಅರ್ಥ. ದಾರದಂತೆ ಉದ್ದಕ್ಕೆ ಬಂದು ಚಕ್‌ಗೆ (ಜಾಬ್ ಹಿಡಿದು ತಿರುಗುವ ಭಾಗ) ಸುತ್ತಿಕೊಂಡರೆ ಮೊದಲು ಮೆಷಿನ್ ನಿಲ್ಲಿಸಿ, ಕೊಕ್ಕೆಯಿಂದ ಎಳೆಯಿರಿ. ಕೈ ಹಾಕಲೇಬೇಡಿ. ಆಮೇಲೆ ಫೀಡ್ ಸ್ವಲ್ಪ ಏರಿಸಿ. ಚಿಪ್ಸ್ ದಪ್ಪವಾದರೆ ತಾನೇ ತುಂಡಾಗುತ್ತದೆ.

ಕಿರ್ರ್ ಅಂತ ಅದುರಲು ಶುರುವಾದರೆ ಎಲ್ಲರ ಕೈ ಫೀಡ್ ಇಳಿಸಲು ಹೋಗುತ್ತದೆ. ನಾನು ಮೊದಲು ಟೂಲ್ ಹೊರಗೆ ಚಾಚಿರುವುದನ್ನು ಕಡಿಮೆ ಮಾಡುತ್ತೇನೆ. ಆಮೇಲೆ ಸ್ಪೀಡ್ ಇಳಿಸಿ, ಫೀಡನ್ನು ಒಂಚೂರು ಏರಿಸುತ್ತೇನೆ. ಪಾರ್ಟಿಂಗಿಗಂತೂ (ಜಾಬನ್ನು ಕತ್ತರಿಸಿ ಬೇರ್ಪಡಿಸುವುದಕ್ಕೆ) ಟರ್ನಿಂಗಿನ ಅರ್ಧ ಸ್ಪೀಡು, ಕೈ ನಿಲ್ಲಿಸದೆ ಒಂದೇ ಸಮನೆ ಫೀಡು.