ತುದಿತನಕ ಮರವಿರುವ ರೈಫಲ್‌ಗೆ ಎಷ್ಟು ತೂಕದ ನಳಿಗೆ?

ನಳಿಗೆಯ ಬಾಯಿತನಕ ಮರ ಹೊದ್ದ ಬೇಟೆ ರೈಫಲ್ ಒಮ್ಮೆ ಕೈಗೆ ಬಂದರೆ ಕೆಳಗಿಡಲು ಮನಸ್ಸಾಗುವುದಿಲ್ಲ. 1903ರಲ್ಲಿ ಆಸ್ಟ್ರಿಯಾದ ಸ್ಟೈರ್‌ನಲ್ಲಿ ಬಂದ ಮಾನ್‌ಲಿಕರ್-ಶೋನಾವರ್ ಈ ಮಾದರಿಗೆ ದೊಡ್ಡ ಹೆಸರು ತಂದುಕೊಟ್ಟಿತು. ಅದರ ನಳಿಗೆ 450 ಮಿಲಿಮೀಟರ್, 18 ಇಂಚಿಗೂ ಒಂಚೂರು ಕಡಿಮೆ. ಅಂಥದ್ದನ್ನು ಇವತ್ತು ಕಟ್ಟಿಸಲು ಹೊರಟವರು ಸುಮ್ನೆ ತೆಳ್ಳನೆ ನಳಿಗೆ ಆರಿಸಿಬಿಡುತ್ತಾರೆ, ಹಗುರವಾಗಿರಲಿ ಅಂತ. ನನಗೆ ಅದು ಸರಿ ಅನ್ನಿಸುವುದಿಲ್ಲ.

ಮೊದಲು ಮರದ ಗುಣ ತಿಳಿದುಕೊಳ್ಳಿ. ಮಾಮೂಲಿ ರೈಫಲ್‌ನಲ್ಲಿ ಮರ ನಡುವಲ್ಲೇ ನಿಲ್ಲುತ್ತದೆ, ಮುಂದಿನ ನಳಿಗೆ ಗಾಳಿಯಲ್ಲಿರುತ್ತದೆ. ಇಲ್ಲಿ ಹಾಗಲ್ಲ, ತುದಿಯವರೆಗೂ ಮರ ನಳಿಗೆಯ ಪಕ್ಕದಲ್ಲೇ ಇದೆ. ಮರ ತೇವ ಕುಡಿದರೆ ಉಬ್ಬುತ್ತದೆ, ಒಣಗಿದರೆ ಕುಗ್ಗುತ್ತದೆ. ಎಳೆಯ ಉದ್ದಕ್ಕೆ ಈ ಏರುಪೇರು ತೀರಾ ಕಡಿಮೆ, ಅಡ್ಡಕ್ಕೆ ಜಾಸ್ತಿ. ಹಾಗಾಗಿ ಎಳೆ ಓರೆಯಾಗಿರುವ ತುಂಡಿನಲ್ಲಿ ಕೆತ್ತಿಸಿದರೆ ಮುಂದಿನ ಮರ ಸೊಟ್ಟಗಾಗಿ ನಳಿಗೆಯನ್ನು ಒಂದು ಕಡೆಗೆ ಒತ್ತುತ್ತದೆ. ಬೇಸಿಗೆಯಲ್ಲಿ ಸರಿಯಾಗಿ ಬೀಳುತ್ತಿದ್ದ ಈಡು ಮಳೆಗಾಲದಲ್ಲಿ ಬೇರೆ ಕಡೆ ಬೀಳುವುದು ಇದೇ ಕಾರಣಕ್ಕೆ. ತೆಳ್ಳನೆ ನಳಿಗೆ ಈ ಒತ್ತಡಕ್ಕೆ ಬೇಗ ಬಾಗುತ್ತದೆ.

ಎಷ್ಟು ಬೇಗ ಅನ್ನುವುದನ್ನು ಲೆಕ್ಕದಲ್ಲೇ ನೋಡೋಣ. ಉಕ್ಕಿನ ಸರಳಿನ ತೂಕ ಅದರ ವ್ಯಾಸದ ವರ್ಗಕ್ಕೆ ತಕ್ಕಂತೆ ಏರುತ್ತದೆ, ಆದರೆ ಬಾಗದಿರುವ ಬಿಗಿತನ ವ್ಯಾಸದ ನಾಲ್ಕನೇ ಘಾತಕ್ಕೆ ತಕ್ಕಂತೆ ಏರುತ್ತದೆ. 7 ಮಿಲಿಮೀಟರ್ ಕ್ಯಾಲಿಬರ್ (ಒಳಗಿನ ತೂತಿನ ಅಳತೆ), 520 ಮಿಲಿಮೀಟರ್ ಉದ್ದದ ಎರಡು ನಳಿಗೆ ತೆಗೆದುಕೊಳ್ಳಿ. ಒಂದರ ಬಾಯಿಯ ಹತ್ತಿರದ ಹೊರ ವ್ಯಾಸ 14 ಮಿಲಿಮೀಟರ್, ಇನ್ನೊಂದರದು 15.5. ಹಿಂಭಾಗ ಎರಡರಲ್ಲೂ ಒಂದೇ ಅಳತೆ ಇದ್ದರೆ ತೂಕದ ವ್ಯತ್ಯಾಸ ಹೆಚ್ಚೆಂದರೆ 100 ಗ್ರಾಂ ಆಸುಪಾಸು. ಬಾಯಿಯ ಹತ್ತಿರದ ಬಿಗಿತನ ಮಾತ್ರ ಒಂದೂವರೆ ಪಟ್ಟು! ನೂರು ಗ್ರಾಂ ಉಳಿಸಲು ಹೋಗಿ ಇಷ್ಟನ್ನು ಬಿಟ್ಟುಕೊಡುವುದು ಲಾಭದ ವ್ಯವಹಾರ ಅಲ್ಲ, ಅಲ್ವಾ?

ಹಾಗಾದರೆ ತೂಕ ಇಳಿಸುವುದು ಎಲ್ಲಿಂದ? ಉದ್ದದಿಂದ. ಅದೇ ದಪ್ಪದ ನಳಿಗೆಯನ್ನು 24 ಇಂಚಿನಿಂದ 20 ಇಂಚಿಗೆ ಇಳಿಸಿದರೆ ತೂಕವೂ ಇಳಿಯುತ್ತದೆ, ತುದಿ ಬಾಗುವುದೂ ಕಡಿಮೆಯಾಗುತ್ತದೆ. ಇದಕ್ಕೆ ಬೆಲೆ ತೆರಲೇಬೇಕು. ಪ್ರತಿ ಇಂಚಿಗೆ ಗುಂಡಿನ ವೇಗದಲ್ಲಿ ಸೆಕೆಂಡಿಗೆ ಸುಮಾರು 20ರಿಂದ 40 ಅಡಿಯಷ್ಟು ಕಳೆದುಕೊಳ್ಳುತ್ತೀರಿ, ಸದ್ದೂ ಬೆಂಕಿಯೂ ಮುಖಕ್ಕೆ ಹತ್ತಿರವಾಗುತ್ತವೆ. ಆದ್ದರಿಂದ ಮದ್ದು ಜಾಸ್ತಿ ತುಂಬಿದ ಮ್ಯಾಗ್ನಂ ತೋಟೆಗಳು ಈ ರೈಫಲ್‌ಗೆ ಹೊಂದುವುದಿಲ್ಲ. 6.5 ಅಥವಾ 7 ಮಿಲಿಮೀಟರಿನ ಮಧ್ಯಮ ತೋಟೆಗಳು ಚೆನ್ನಾಗಿ ಹೊಂದುತ್ತವೆ. 9.3ರಂಥ ದೊಡ್ಡ ಕ್ಯಾಲಿಬರ್ ಬೇಕಿದ್ದರೆ ಇನ್ನೊಂದು ವಿಷಯ ನೆನಪಿಡಿ: ಹೊರಗಿನ ಅಳತೆ ಒಂದೇ ಇದ್ದರೂ ಒಳಗಿನ ತೂತು ದೊಡ್ಡದಾಗುವುದರಿಂದ ನಳಿಗೆ ಸುಮಾರು 100 ಗ್ರಾಂ ಹಗುರವಾಗುತ್ತದೆ, ಗೋಡೆಯೂ ತೆಳುವಾಗುತ್ತದೆ, ಒದೆತ ಮಾತ್ರ ಜಾಸ್ತಿ. ಅಲ್ಲಿ ಒಂದು ಮೆಟ್ಟಿಲು ದಪ್ಪನೆಯದನ್ನೇ ಹಾಕಿಸಿ.

ಆಮೇಲೆ ಒಟ್ಟು ತೂಕದ ಲೆಕ್ಕ. ಮೌಸರ್ 98 ಮಾದರಿಯ ಆಕ್ಷನ್ (ತೋಟೆ ತುಂಬಿ ಸಿಡಿಸುವ ಯಂತ್ರಭಾಗ) ಅಂದರೆ ಸುಮಾರು 1.2 ಕಿಲೋ. ವಾಲ್‌ನಟ್ ಮರದ ಪೂರ್ತಿ ಸ್ಟಾಕ್ ಹೆಚ್ಚುಕಮ್ಮಿ 1 ಕಿಲೋ. ಸ್ಕೋಪ್ (ಗುರಿ ನೋಡುವ ದುರ್ಬೀನು) ಮತ್ತು ಅದನ್ನು ಕೂರಿಸುವ ಮೌಂಟ್ ಸೇರಿ ಅರ್ಧ ಕಿಲೋ. ಮೇಲೆ ಹೇಳಿದ 15.5ರ ನಳಿಗೆ 1.1 ಕಿಲೋ. ಕೂಡಿದರೆ 3.8 ಕಿಲೋ ಆಯಿತು, ಪಟ್ಟಿ ಮತ್ತು ತೋಟೆ ಬೇರೆ. ಇದು ಭಾರ ಅನ್ನಿಸಿದರೆ ಸ್ಕೋಪ್ ಚಿಕ್ಕದು ಹಾಕಿ, ಹಿಂದಿನ ಮರದ ಒಳಗೆ ಟೊಳ್ಳು ಮಾಡಿಸಿ. ನಳಿಗೆಯನ್ನು ಕೊನೆಗೆ ಮುಟ್ಟಿ.

ತೂಕ ಎಷ್ಟು ಅನ್ನುವಷ್ಟೇ ಅದು ಎಲ್ಲಿ ಕೂತಿದೆ ಅನ್ನುವುದೂ ಮುಖ್ಯ. ಮುಂದೆ ಚಾಚಿದ ಮರ ಮತ್ತು ತುದಿಯ ಲೋಹದ ಟೋಪಿ ಸೇರಿ 100 ಗ್ರಾಂ ಆಸುಪಾಸು ಮೂತಿಯ ಕಡೆಗೇ ಬೀಳುತ್ತದೆ. ಇದನ್ನು ಕಾಗದದ ಮೇಲೆ ತೀರ್ಮಾನ ಮಾಡಲು ಹೋಗಬೇಡಿ. ಈಗಿರುವ ರೈಫಲ್‌ನ ತೋಟೆಗಳನ್ನೆಲ್ಲ ತೆಗೆಯಿರಿ, ಚೇಂಬರ್, ಅಂದರೆ ತೋಟೆ ಕೂರುವ ಗೂಡು, ಖಾಲಿ ಇದೆಯಾ ಅಂತ ಕಣ್ಣಲ್ಲೂ ಬೆರಳಲ್ಲೂ ನೋಡಿ. ಸೀಸದ ಪಟ್ಟಿಯನ್ನು 50 ಗ್ರಾಂ ತುಂಡುಗಳಾಗಿ ಕತ್ತರಿಸಿ, ನಳಿಗೆಯ ಮುಂಭಾಗಕ್ಕೆ ಟೇಪಿನಲ್ಲಿ ಒಂದೊಂದಾಗಿ ಸುತ್ತುತ್ತಾ ಹೋಗಿ. ಪ್ರತಿ ಸಲವೂ ಕಣ್ಣು ಮುಚ್ಚಿ ಭುಜಕ್ಕೇರಿಸಿ, ಆಮೇಲೆ ಕಣ್ಣು ತೆರೆದು ನಿಂತೇ ಒಂದು ಗುರುತಿನ ಮೇಲೆ ಹಿಡಿದು ನೋಡಿ. ತೀರಾ ಹಗುರವಿದ್ದರೆ ಮೂತಿ ಅಲ್ಲಾಡುತ್ತಲೇ ಇರುತ್ತದೆ, ಭಾರ ಏರಿದಂತೆ ನಿಲ್ಲುತ್ತದೆ, ಇನ್ನೂ ಏರಿದರೆ ಎಡಗೈ ಸೋತು ಮೂತಿ ಕೆಳಗೆ ಜಾರುತ್ತದೆ. ನಿಮ್ಮ ಕೈಗೆ ಹಿಡಿಸುವ ತೂಕ ಈ ಎರಡರ ನಡುವೆ ಎಲ್ಲೋ ಇರುತ್ತದೆ. ಅದನ್ನು ಬರೆದಿಟ್ಟುಕೊಂಡು ಗನ್‌ಸ್ಮಿತ್‌ಗೆ (ಕೋವಿ ಕಟ್ಟಿಕೊಡುವ ಕುಶಲಕರ್ಮಿಗೆ) ಕೊಡಿ.

ಹಾಗಂತ ತೀರಾ ದಪ್ಪಕ್ಕೂ ಹೋಗಬೇಡಿ. ಬಾಯಿಯ ಹತ್ತಿರ ನಳಿಗೆಯ ವ್ಯಾಸ 18 ಮಿಲಿಮೀಟರ್ ದಾಟಿತೆಂದರೆ ಸುತ್ತಲಿನ ಮರವನ್ನು ಒಂದೋ ಒಡೆಯುವಷ್ಟು ತೆಳ್ಳಗೆ ಬಿಡಬೇಕು, ಇಲ್ಲವೇ ಮುಂಭಾಗ ಒನಕೆಯ ಹಾಗೆ ದಪ್ಪವಾಗುತ್ತದೆ. ಎರಡರಲ್ಲಿ ಯಾವುದಾದರೂ ಈ ಮಾದರಿಯ ಅಂದ ಕೆಟ್ಟಂತೆಯೇ. ಬಾಯಿಯ ಹತ್ತಿರ 15ರಿಂದ 16, ಉದ್ದ 500ರಿಂದ 520 ಮಿಲಿಮೀಟರ್, ನಾನು ಹೇಳುವುದು ಇಷ್ಟನ್ನೇ.

ಕೂರಿಸುವಾಗ ತುದಿಯ ಟೋಪಿ ನಳಿಗೆಯನ್ನು ಬಿಗಿಯಾಗಿ ಹಿಡಿಯಬಾರದು. 500 ಮಿಲಿಮೀಟರ್ ಉಕ್ಕು 50 ಡಿಗ್ರಿ ಸೆಲ್ಸಿಯಸ್ ಬಿಸಿಯಾದರೆ ಸುಮಾರು 0.3 ಮಿಲಿಮೀಟರ್ ಉದ್ದವಾಗುತ್ತದೆ, ಅದಕ್ಕೆ ಜಾಗ ಬೇಕು. ನಳಿಗೆಯ ಸುತ್ತ ಮರಕ್ಕೂ ಒಂದು ಮಿಲಿಮೀಟರ್ ಬಿಡುವು ಕೊಡಿಸಿ. ಮರದ ಒಳಗಿನ ಕಾಲುವೆಗೂ ಎಣ್ಣೆಯೋ ವಾರ್ನಿಷೋ ಹೊಡೆಸುವುದನ್ನು ಮರೆಯಬೇಡಿ, ಹೊರಗಷ್ಟೇ ಮಿಂಚಿಸಿದರೆ ತೇವ ಒಳಗಿನಿಂದ ಬರುತ್ತದೆ. ಈ ಕೆಲಸಗಳನ್ನೆಲ್ಲ ಪರವಾನಗಿ ಇರುವ ಗನ್‌ಸ್ಮಿತ್ ಕೈಯಲ್ಲೇ ಮಾಡಿಸಿ.

ರೈಫಲ್ ಕೈಗೆ ಬಂದ ಮೇಲೆ ಶೂಟಿಂಗ್ ರೇಂಜ್‌ನಲ್ಲಿ ನಳಿಗೆ ಪೂರ್ತಿ ತಣ್ಣಗಿರುವಾಗ ಒಂದೇ ಈಡು ಹೊಡೆದು ಗುರುತು ಹಾಕಿ, ಆಮೇಲೆ ಬೆನ್ನುಬೆನ್ನಿಗೆ ಮೂರು. ಆ ಮೂರು ಒಂದೇ ದಿಕ್ಕಿಗೆ ಸರಿಯುತ್ತಾ ಹೋದರೆ ಬಿಸಿಯಾದ ನಳಿಗೆಗೆ ಎಲ್ಲೋ ಮರ ತಗಲುತ್ತಿದೆ ಅಂತ ಮೊದಲು ಅನುಮಾನಿಸಿ. ನಳಿಗೆಗೂ ಮರಕ್ಕೂ ನಡುವೆ ಕಾಗದದ ಪಟ್ಟಿ ತೂರಿಸಿ ಎಳೆಯುತ್ತಾ ಬಂದರೆ ಸಿಕ್ಕಿಕೊಳ್ಳುವ ಜಾಗವೇ ತೋರಿಸಿಕೊಡುತ್ತದೆ. ಇದೇ ಪರೀಕ್ಷೆಯನ್ನು ಮಳೆಗಾಲದಲ್ಲಿ ಇನ್ನೊಂದು ಸಲ ಮಾಡಿ.