ಕುದುರೆಗೆ ಹಕ್ಕರಿಕೆ ಹೊಲಿಯುವ ಬಗೆ

ಹಕ್ಕರಿಕೆ ಅಂದರೆ ಕುದುರೆಗೆ ಹೊದಿಸುವ ಕವಚ, ಬಟ್ಟೆಯ ಮೇಲೆ ಲೋಹದ ಬಿಲ್ಲೆ ಹೊಲಿದದ್ದು. ಅದನ್ನು ಮಾಡಲು ಹೊರಟರೆ ತಗಡು ತರಲು ಓಡಬೇಡಿ. ಮೊದಲು ಕುದುರೆಯ ತೂಕ ಲೆಕ್ಕ ಹಾಕಿ.

ನಾನು ಗದಗಿನವನು. ಪುಣೆ ಹತ್ತಿರದ ಭೋಸರಿಯಲ್ಲಿ, ತಗಡು ಒತ್ತಿ ಕತ್ತರಿಸುವ ಒಂದು ಪ್ರೆಸ್ ಶಾಪಿನಲ್ಲಿ 31 ವರ್ಷ ದುಡಿದು ಈಗ ಪುಣೆಯ ಕಸಬಾ ಪೇಟೆಯಲ್ಲಿದ್ದೇನೆ. ತಗಡು ಕತ್ತರಿಸುವುದು, ತೂತು ಹೊಡೆಯುವುದು ನನಗೆ ಉಸಿರಾಟದಷ್ಟು ಸಲೀಸು. ಅದಕ್ಕೇ ಇರಬೇಕು, ಮೊದಲ ಸಲ ಕವಚ ಮಾಡಿದಾಗ ತಗಡಿನಿಂದಲೇ ಶುರು ಮಾಡಿದೆ. 1,300 ಬಿಲ್ಲೆ, 21 ಕಿಲೋ ಕಬ್ಬಿಣ, ಅದರ ಕೆಳಗೆ 7 ಕಿಲೋ ಬಟ್ಟೆ. ಮೋತಿಯ ಮೇಲೆ ಹೊದಿಸಿದೆವು. ಮೋತಿ ಮದುವೆ ಮೆರವಣಿಗೆಯ ಕುದುರೆ, ಬಹಳ ಸಾಧು. ನಾಲ್ಕು ಹೆಜ್ಜೆ ಇಟ್ಟು ನಿಂತುಬಿಟ್ಟಳು. ಹೆಗಲ ಮೂಳೆ ಮುಂದೆ ಹೋಗಲು ಜಾಗವೇ ಇರಲಿಲ್ಲ. ಆ ದಿನದಿಂದ ನನ್ನ ಕೆಲಸದ ಕ್ರಮ ತಿರುವುಮುರುವಾಯಿತು: ಮೊದಲು ಕುದುರೆ, ಆಮೇಲೆ ಬಟ್ಟೆ, ಕೊನೆಗೆ ಕಬ್ಬಿಣ.

ನಾವು ನೋಡಿ ಮಾಡುವ ಮಾದರಿ ಸಿರಿಯಾದ ಯೂಫ್ರಟೀಸ್ ನದಿ ದಂಡೆಯ ಡ್ಯೂರಾ ಯೂರೋಪಸ್ ಊರಿನದು. ಸುಮಾರು ಕ್ರಿ.ಶ. 256ರಲ್ಲಿ ಪರ್ಷಿಯಾದ ಸಸಾನಿಯರು ಆ ಕೋಟೆ ಹಿಡಿದರು. 1928ರಿಂದ 1937ರವರೆಗೆ ಯೇಲ್ ವಿಶ್ವವಿದ್ಯಾಲಯದವರೂ ಫ್ರೆಂಚರೂ ಸೇರಿ ಅಲ್ಲಿ ಅಗೆದಾಗ ಕುದುರೆಯ ಹೊದಿಕೆಗಳೇ ಸಿಕ್ಕವು. ಒಂದಕ್ಕೆ ಕಬ್ಬಿಣದ ಬಿಲ್ಲೆ, ಇನ್ನೊಂದಕ್ಕೆ ಕಂಚಿನ ಬಿಲ್ಲೆ. ಕೆಳಗೆ ನಾರುಬಟ್ಟೆ, ನಡುವೆ ಜೀನು ಕೂರಲು ಮೊಟ್ಟೆಯಾಕಾರದ ಕಿಂಡಿ, ಹಿಂದೆ ಬಾಲದ ಮೇಲೆ ಮುಕ್ಕೋನದ ತುಂಡು. ಆ ಕಿಂಡಿ ನೋಡಿದಾಗ ನನಗೆ ಕಣ್ಣು ತುಂಬಿತು. ಸಾವಿರದ ಏಳುನೂರು ವರ್ಷಗಳ ಹಿಂದಿನ ಒಬ್ಬ ಕೆಲಸಗಾರ ಕುದುರೆಯ ಬೆನ್ನನ್ನು ಅಳೆದು ಕತ್ತರಿಸಿದ ಬಟ್ಟೆ ಅದು. ನಮ್ಮ ಹಳೆಯ ಕನ್ನಡದಲ್ಲೂ ಇದಕ್ಕೆ ಹೆಸರಿದೆ: ಹಕ್ಕರಿಕೆ. ಸವಾರನ ಕವಚ ಜೋಡು, ಕುದುರೆಯದು ಹಕ್ಕರಿಕೆ.

ಈಗ ತೂಕ. ಮುಂಗಾಲಿನ ಹಿಂದೆ, ಎದೆಯ ಸುತ್ತಳತೆಯನ್ನು ಸೆಂಟಿಮೀಟರಿನಲ್ಲಿ ಅಳೆಯಿರಿ. ಎದೆಯ ಮುಂದಿನ ಮೂಳೆಯಿಂದ ಪೃಷ್ಠದ ತುದಿಯವರೆಗೆ ಉದ್ದ ಅಳೆಯಿರಿ. ಸುತ್ತಳತೆಯನ್ನು ಅದರಿಂದಲೇ ಗುಣಿಸಿ, ಬಂದದ್ದನ್ನು ಉದ್ದದಿಂದ ಗುಣಿಸಿ, 11,880ರಿಂದ ಭಾಗಿಸಿದರೆ ಹತ್ತಿರತ್ತಿರ ಕಿಲೋ ಸಿಗುತ್ತದೆ. ಮೋತಿಯದು 175 ಮತ್ತು 155. ಅಂದರೆ 400 ಕಿಲೋ. ಕುದುರೆ ಸಾಕುವವರು ಹೊರೆಗೆ ಸಾಮಾನ್ಯವಾಗಿ ಹಿಡಿಯುವ ಲೆಕ್ಕ ಕುದುರೆಯ ತೂಕದ ಐದನೇ ಒಂದು ಪಾಲು. ಜೀನು, ಸವಾರ, ಕವಚ ಎಲ್ಲ ಸೇರಿ 80 ಕಿಲೋ ದಾಟಬಾರದು.

ಇಲ್ಲೇ ಪೂರ್ತಿ ಹೊದಿಕೆಯ ಆಸೆ ಬಿಡಬೇಕಾಗುತ್ತದೆ. ಪೂರ್ತಿ ಹೊದಿಕೆಯೇ 28 ಕಿಲೋ. ಅದನ್ನು ಹೊದಿಸಿದರೆ ಸವಾರ ಹತ್ತಬಾರದು, ಕುದುರೆಯನ್ನು ಕೈಯಲ್ಲಿ ಹಿಡಿದು ನಡೆಸಬೇಕು. ಸವಾರ ಬೇಕೇ ಬೇಕು ಅಂದರೆ ಇರಾನಿನ ತಾಕ್-ಎ-ಬೋಸ್ತಾನ್ ಬಂಡೆಯ ಕೆತ್ತನೆ ನೋಡಿ. ಅಲ್ಲಿನ ಕುದುರೆಗೆ ತಲೆ, ಕುತ್ತಿಗೆ, ಎದೆಗೆ ಮಾತ್ರ ಕವಚ. ಹಿಂಭಾಗ ಬರಿದು. ಈ ಅರ್ಧ ಹಕ್ಕರಿಕೆಯಲ್ಲಿ ಕುತ್ತಿಗೆ, ಎದೆ ಸೇರಿ ಸುಮಾರು 530 ಬಿಲ್ಲೆ, ಬಟ್ಟೆ ಸೇರಿ 12 ಕಿಲೋ. ಜೀನು 8, ಹಗುರ ಹುಡುಗ 52. ಒಟ್ಟು 72. ಸವಾರನ ಅಂಗಿಗೂ ಶಿರಸ್ತ್ರಾಣಕ್ಕೂ ಉಳಿದದ್ದು 8. ಆದ್ದರಿಂದ ಸವಾರನ ಬಿಲ್ಲೆಗಳನ್ನು ನಾನು ಅಲ್ಯೂಮಿನಿಯಮ್ಮಿನಲ್ಲಿ ಮಾಡುತ್ತೇನೆ. ಅದರ ತೂಕ ಕಬ್ಬಿಣದ ಮೂರನೇ ಒಂದು ಪಾಲಷ್ಟೇ. ಅಂಗಿ 5 ಕಿಲೋ, ಶಿರಸ್ತ್ರಾಣ 2. ಇದು ಮೋಸ ಅಲ್ವಾ ಅಂತ ಒಬ್ಬ ಗೆಳೆಯ ಕೇಳಿದ. ಮೋತಿಯ ಬೆನ್ನು ನೋಯದಿದ್ದರೆ ನನಗೆ ಅಷ್ಟು ಸಾಕು.

ಅಳತೆಗೆ ಹಳೇ ಚಾದರ ತನ್ನಿ. ಎದೆ, ಕುತ್ತಿಗೆಗೆ ಹೊದಿಸಿ ಸೀಮೆಸುಣ್ಣದಲ್ಲಿ ಗುರುತು ಮಾಡಿ. ನಿಂತಾಗ ಒಂದು ಗೆರೆ. ಆಮೇಲೆ ನಡೆಸಿ, ಹೆಗಲ ಮೂಳೆ ಎಲ್ಲಿಯವರೆಗೆ ಮುಂದೆ ಬರುತ್ತದೋ ಅಲ್ಲೊಂದು ಗೆರೆ. ಎರಡು ಗೆರೆಗಳ ನಡುವೆ ಬಿಲ್ಲೆ ಬೇಡ, ಬಟ್ಟೆ ಸಡಿಲವಾಗಿರಲಿ. ಎದೆಯ ತುಂಡು, ಕುತ್ತಿಗೆಯ ತುಂಡು ಬೇರೆ ಬೇರೆ ಇರಲಿ, ಚರ್ಮದ ಪಟ್ಟಿಯಿಂದ ಕೂಡಿಸಿ. ಹೊಟ್ಟೆಗೆ ಏನೂ ಬೇಡ. ಹಿಂದಿನ ಕಾಲದಲ್ಲೂ ಅದು ಬರಿದೇ ಇತ್ತು. ಕ್ರಿ.ಪೂ. 53ರಲ್ಲಿ ಕಾರ್ಹೆಯ ಯುದ್ಧದಲ್ಲಿ ರೋಮಿನ ಸೇನಾಪತಿ ಕ್ರಾಸಸ್ ಇರಾನಿನ ಪಾರ್ಥಿಯನ್ನರ ಎದುರು ಸೋತಾಗ, ರೋಮಿನ ಕಡೆಯ ಗಾಲ್ ನಾಡಿನ ಸವಾರರು ನೆಲಕ್ಕಿಳಿದು ಕವಚದ ಕುದುರೆಗಳ ಹೊಟ್ಟೆಯಡಿ ನುಗ್ಗಿ ಇರಿದರು ಎಂದು ಗ್ರೀಕ್ ಲೇಖಕ ಪ್ಲೂಟಾರ್ಕ್ ಬರೆದಿದ್ದಾನೆ.

ಬಟ್ಟೆಗೆ ಎರಡು ಪದರ ದಪ್ಪ ಹತ್ತಿಯ ಕ್ಯಾನ್ವಾಸ್. ಅದರಡಿ ಕುರಿ ಉಣ್ಣೆಯ ಕರಿ ಕಂಬಳಿ. ನೈಲಾನ್ ಬೇಡ, ಬೆವರು ಹೀರುವುದಿಲ್ಲ.

ಬಿಲ್ಲೆಗೆ 0.8 ಮಿ.ಮೀ. ಕಬ್ಬಿಣದ ತಗಡು ಸಾಕು. ಉದ್ದ 60, ಅಗಲ 45 ಮಿ.ಮೀ., ಕೆಳತುದಿ ದುಂಡಗೆ. ಒಂದರ ತೂಕ 16 ಗ್ರಾಂ. ಮೇಲಂಚಿನಲ್ಲಿ ಎರಡು ತೂತು ಹೊಲಿಗೆಗೆ. ಎಡಕ್ಕೆರಡು, ಬಲಕ್ಕೆರಡು ತಂತಿಗೆ. ಪರಿಚಯದ ಪ್ರೆಸ್ ಶಾಪ್ ಇದ್ದರೆ ಡೈ, ಅಂದರೆ ಬಿಲ್ಲೆ ಕತ್ತರಿಸುವ ಅಚ್ಚು, ಮಾಡಿಸಿ, ಇಲ್ಲದಿದ್ದರೆ ಕತ್ತರಿ, ತೂತು ಹೊಡೆಯುವ ಪಂಚ್ ಹಿಡಿದು ಕೂರಿ. ತಂತಿ, ಪಂಚ್, ಅರ ಎಲ್ಲ ಪುಣೆಯ ರವಿವಾರ ಪೇಟೆಯ ಬೋಹರಿ ಆಳಿ ಎಂಬ ಗಲ್ಲಿಯಲ್ಲಿ ಸಿಗುತ್ತವೆ. ಬಿಲ್ಲೆಗೆ ಒಂಚೂರು ಉಬ್ಬು ಕೊಡಿ. ಮರದ ತುಂಡಿನಲ್ಲಿ ತಗ್ಗು ತೋಡಿ, ಬಿಲ್ಲೆ ಇಟ್ಟು ಎರಡು ಏಟು ಹಾಕಿದರೆ ಆಯಿತು. ಚಪ್ಪಟೆ ಬಿಲ್ಲೆ ಬಾಗುತ್ತದೆ, ಉಬ್ಬಿದ್ದು ತಡೆಯುತ್ತದೆ. ಈ ಏಟಿನ ಹದವನ್ನು ನಾನು ಇಲ್ಲೇ ತಾಂಬಟ ಆಳಿಯಲ್ಲಿ ತಾಮ್ರ ಬಡಿಯುವ ಹಿರಿಯರೊಬ್ಬರ ಪಕ್ಕ ಕುಳಿತು ಕಲಿತೆ.

ತೂತಿನ ಅಂಚು ಮಾತ್ರ ಮರೆಯಬೇಡಿ. ಪಂಚ್ ಹೊಡೆದಾಗ ಹಿಂಬದಿಯಲ್ಲಿ ಚೂಪು ಅಂಚು ಏಳುತ್ತದೆ. ನಾವು ಅದನ್ನು ಬರ್ ಅನ್ನುತ್ತೇವೆ. ಜೀವಮಾನವಿಡೀ ಬರ್ ತೆಗೆದವನು ನಾನು, ಆದರೂ ಅವಸರದಲ್ಲಿ ಬಿಟ್ಟೆ. ಮೂರು ವಾರಕ್ಕೆ ದಾರವೆಲ್ಲ ಕೊಯ್ದುಹೋಗಿ, ಮೆರವಣಿಗೆಯ ನಡುವೆ ಒಂದಿಡೀ ಸಾಲು ರಸ್ತೆಗೆ ಸುರಿಯಿತು. ದೊಡ್ಡ ಡ್ರಿಲ್ ಬಿಟ್ಟನ್ನು ಕೈಯಲ್ಲಿ ಹಿಡಿದು ಪ್ರತಿ ತೂತನ್ನೂ ಎರಡೂ ಕಡೆ ಒಂದು ಸುತ್ತು ತಿರುಗಿಸಿ. ಆರು ತೂತು, ಹನ್ನೆರಡು ಸುತ್ತು. ಬೇಸರ ಬರುತ್ತದೆ, ಮಾಡಿ.

ಜೋಡಣೆ ಹೀಗೆ. ಪಕ್ಕಪಕ್ಕದ ಬಿಲ್ಲೆಗಳ ಅಂಚು 7 ಮಿ.ಮೀ. ಒಂದರ ಮೇಲೊಂದು ಬರಲಿ, ಹಿತ್ತಾಳೆ ತಂತಿಯಿಂದ ಕೂಡಿಸಿ ಉದ್ದ ಸಾಲು ಮಾಡಿ. ಡ್ಯೂರಾದವರೂ ಸಾಲನ್ನು ತಂತಿಯಿಂದಲೇ ಕಟ್ಟಿದ್ದರು. ಆಮೇಲೆ ಸಾಲನ್ನು ಬಟ್ಟೆಗೆ ಹೊಲಿಯಿರಿ. ಕೆಳಗಿನ ಸಾಲಿನಿಂದ ಶುರು ಮಾಡಿ ಮೇಲೆ ಬನ್ನಿ, ಹೆಂಚು ಹೊದಿಸುವ ಹಾಗೆ. ಸಾಲಿಂದ ಸಾಲಿಗೆ 40 ಮಿ.ಮೀ. ಮೇಲಿನ ಬಿಲ್ಲೆ ಕೆಳಗಿನ ಎರಡರ ಸಂದಿಯ ಮೇಲೆ ಬರಲಿ.

ದಾರ ಮೇಣ ಸವರಿದ್ದು, ಚಪ್ಪಲಿ ಹೊಲಿಯುವವರದು. ಹೊಲಿಗೆಯನ್ನು ನಾನು ಕಲಿತದ್ದು ಮನೆಯಾಕೆಯಿಂದ. ಆಕೆ ಧಾರವಾಡದ ಕಡೆಯವಳು, ಕೌದಿ ಹೊಲಿದ ಕೈ. ನಾನು ಒಂದೇ ಉದ್ದ ದಾರ ಎಳೆಯುವುದನ್ನು ನೋಡಿ, ‘ಹಂಗ್ಯಾಕ ಹೊಲೀತೀರಿ? ಗೇಣಿಗೊಂದು ಗಂಟು ಹಾಕ್ರಿ. ಹರಿದ್ರ ಗೇಣಷ್ಟ ಹರೀತದ’ ಅಂದಳು. ಆಮೇಲೆ ಒಂದು ಸಾಲೂ ಸುರಿದಿಲ್ಲ. ಅಂಚಿಗೆಲ್ಲ ಮೆತ್ತನೆ ಚರ್ಮದ ಪಟ್ಟಿ ಸುತ್ತಿ, ಬಿಲ್ಲೆಯ ತುದಿ ಎಲ್ಲೂ ಕುದುರೆಯ ಮೈ ಮುಟ್ಟಬಾರದು.

ತಲೆಗೆ ಚರ್ಮದ ಮುಖವಾಡ ಸಾಕು. ಕಣ್ಣಿನ ಕಿಂಡಿ ದೊಡ್ಡದಿರಲಿ.

ಕುದುರೆಗೆ ಹೊದಿಸಿ ರೂಢಿ ಮಾಡಿಸುವುದಕ್ಕೆ ಹದಿನೈದು ದಿನ ಹಿಡಿಯಿರಿ. ಕುದುರೆ ಹೆದರುವುದು ಸದ್ದಿಗೆ. ಮೊದಲ ದಿನಗಳಲ್ಲಿ ಬಿಲ್ಲೆಗಳನ್ನು ಚೀಲದಲ್ಲಿ ಹಾಕಿ, ಅವಳು ಹುರುಳಿ ತಿನ್ನುವಾಗ ದೂರದಲ್ಲಿ ನಿಂತು ಮೆಲ್ಲಗೆ ಅಲ್ಲಾಡಿಸಿ. ದಿನಕ್ಕೆ ಒಂದು ಹೆಜ್ಜೆ ಹತ್ತಿರ. ಆಮೇಲೆ ಬರೀ ಬಟ್ಟೆ. ಆಮೇಲೆ ಎದೆಯ ತುಂಡು ಮಾತ್ರ, ಐದು ನಿಮಿಷ. ಕಿವಿ ಹಿಂದಕ್ಕೆ ಮಡಚಿದರೆ ಸುಮ್ನೆ ತೆಗೆದುಬಿಡಿ, ನಾಳೆ ನೋಡಿದರಾಯಿತು. ಸವಾರ ಹತ್ತುವುದು ಎಲ್ಲಕ್ಕಿಂತ ಕೊನೆಗೆ, ಹತ್ತು ನಿಮಿಷ, ನಡಿಗೆಯಲ್ಲಿ ಮಾತ್ರ. ಏಪ್ರಿಲ್, ಮೇ ತಿಂಗಳಲ್ಲಿ ಪುಣೆಯ ಬಿಸಿಲಿಗೆ ಹೊದಿಸಲೇಬೇಡಿ. ತೆಗೆದ ಕೂಡಲೇ ಅಂಗೈಯಿಂದ ಇಡೀ ಎದೆ, ಹೆಗಲು ಸವರಿ ನೋಡಿ. ಎಲ್ಲಾದರೂ ಕೂದಲು ಮುರಿದಿದ್ದರೆ, ಬಿಸಿ ಹತ್ತಿದರೆ, ಆ ಜಾಗದ ಬಿಲ್ಲೆ ಬಿಚ್ಚಿ ಮತ್ತೆ ಹೊಲಿಯಿರಿ. ಮೋತಿಯದನ್ನು ನಾಲ್ಕು ಸಲ ಬಿಚ್ಚಿದ್ದೇನೆ.

ಮಳೆಗಾಲಕ್ಕೆ ಮೊದಲು ಪ್ರತಿ ಬಿಲ್ಲೆಗೂ ಅಗಸೆ ಎಣ್ಣೆ ತೆಳ್ಳಗೆ ಸವರಿ ಒಣಗಿಸಿ. ಮಡಚಿಡಬೇಡಿ, ದಪ್ಪ ಬಿದಿರಿನ ಮೇಲೆ ಹಾಸಿ ತೂಗುಹಾಕಿ.