ಕ್ಲಚ್ ಪೈಪು ಮನೆ ಅಂಗಳದಲ್ಲೇ ಬದಲಾಯಿಸಿದ ನನ್ನ ಅನುಭವ

ಕ್ಲಚ್ ಪೆಡಲಿನ ಒತ್ತಡವನ್ನು ಆಯಿಲ್ ಮೂಲಕ ಗೇರ್‌ಬಾಕ್ಸಿನ ಕಡೆ ಒಯ್ಯುವ ಪೈಪನ್ನು ನಾನೇ ಬದಲಾಯಿಸಿ ಎರಡು ಮಳೆಗಾಲ ಕಳೆಯಿತು. ಪೆಡಲ್ ಇನ್ನೂ ಗಟ್ಟಿಯಾಗಿದೆ, ರಿವರ್ಸ್ ಗೇರ್ ಸದ್ದಿಲ್ಲದೆ ಬೀಳುತ್ತದೆ. ಅದಕ್ಕೇ ಈಗ ಬರೆಯುತ್ತಿದ್ದೇನೆ. "ಮನೇಲಿ ಬಿಚ್ಚಿದ್ರೆ ಪೈಪಿಗೆ ಹೊಕ್ಕ ಏರ್ ಹೋಗುದಿಲ್ಲ ಮಾರಾಯ್ರೆ, ಕಡೆಗೆ ಎಳ್ಕೊಂಡು ಇಲ್ಲಿಗೇ ಬರ್ತೀರಿ ನೋಡಿ" ಅಂದಿದ್ದ ಮೆಕ್ಯಾನಿಕ್ಕೇ ಈಗ ಬಾನೆಟ್ ಎತ್ತಿಸಿ ನನ್ನ ಪೈಪು ನೋಡುತ್ತಾರೆ.

ಗಾಡಿ ಹಳೇ ಡೀಸೆಲ್. ಪೆಡಲ್ ಕಡೆ ಆಯಿಲ್ ತಳ್ಳುವುದು ಮಾಸ್ಟರ್ ಸಿಲಿಂಡರ್, ಆ ಒತ್ತಡಕ್ಕೆ ಕ್ಲಚ್ ಬಿಡಿಸುವುದು ಸ್ಲೇವ್ ಸಿಲಿಂಡರ್. ನನ್ನದರಲ್ಲಿ ಸ್ಲೇವ್ ಗೇರ್‌ಬಾಕ್ಸಿನ ಹೊರಗಿದೆ. ನಾವಿರುವುದು ಉಡುಪಿ ಕಡೆ, ಕಡಲಿಗೆ ಹತ್ತಿರ. ಉಪ್ಪುಗಾಳಿಗೆ ಕಬ್ಬಿಣದ ಪೈಪು ಮೊದಲು ಹೋಗುವುದು ಕ್ಲಿಪ್ಪಿನ ಅಡಿಯಲ್ಲೇ, ನೀರು ನಿಲ್ಲುವುದು ಅಲ್ಲೇ ಅಲ್ವಾ. ನನ್ನದೂ ಅಲ್ಲೇ ತೂತು. ಉಗುರಲ್ಲಿ ಕೆರೆದರೆ ತುಕ್ಕು ಪದರ ಪದರವಾಗಿ ಉದುರುತ್ತಿತ್ತು. ಗ್ಯಾರೇಜಿನಲ್ಲಿ ಮಾಸ್ಟರ್, ಸ್ಲೇವ್, ಪೈಪು ಎಲ್ಲಾ ಸೇರಿಸಿ 7,000ದ ಹತ್ತಿರ ಹೇಳಿದರು. ಎರಡೂ ಸಿಲಿಂಡರಿನ ರಬ್ಬರ್ ಬೂಟ್ ಎತ್ತಿ ನೋಡಿದೆ. ಒಳಗೆ ಪೂರ್ತಿ ಒಣಗಿತ್ತು, ಒಂದು ಹನಿ ಸೋರಿಕೆ ಇಲ್ಲ. ಚೆನ್ನಾಗಿರುವುದನ್ನು ಯಾಕೆ ಬದಲಾಯಿಸಬೇಕು?

ಫ್ರಿಜ್ಜಿನ ತಾಮ್ರದ ಪೈಪು ಹಾಕು ಅಂತ ಹೇಳಿದವರು ಬಹಳ ಜನ. ದಯವಿಟ್ಟು ಹಾಕಬೇಡಿ. ಬರೀ ತಾಮ್ರ ಎಂಜಿನ್ ನಡುಕಕ್ಕೆ ಗಡುಸಾಗಿ ಕಡೆಗೆ ಸೀಳುತ್ತದೆ. ನಾನು ತರಿಸಿದ್ದು ತಾಮ್ರ-ನಿಕಲ್ ಪೈಪು, 4.75 ಎಂಎಂ. ಒಂದು ಸುರುಳಿಗೆ 1,800 ಚಿಲ್ಲರೆ ಆಯಿತು. ತುಕ್ಕು ಹಿಡಿಯುವ ಮಾತೇ ಇಲ್ಲ, ಕೈಯಲ್ಲೇ ಬಾಗುತ್ತದೆ. ಪೈಪಿನ ತುದಿಯನ್ನು ಅಗಲಿಸಿ ಫ್ಲೇರ್ ಮಾಡುವ ಫ್ಲೇರಿಂಗ್ ಟೂಲ್ ಸುಮಾರು 2,000. ಸ್ಲೇವ್ ಹತ್ತಿರದ ರಬ್ಬರ್ ಹೋಸೂ ಹೊಸದು ಹಾಕಿದೆ, 400ರ ಆಸುಪಾಸು.

ಹಳೇ ನಟ್ಟು ಪೈಪಿನ ಜೊತೆಗೇ ತಿರುಗುತ್ತಿತ್ತು. ಹೇಗೂ ಎಸೆಯುವ ಪೈಪು ಅಂತ ನಟ್ಟಿನ ಬುಡಕ್ಕೇ ಕತ್ತರಿಸಿ, ಆರು ಮೂಲೆಯ ಸಾಕೆಟ್ ಹಾಕಿ ಬಿಚ್ಚಿದೆ. ಫ್ಲೇರ್ ಮಾತ್ರ ತುಂಬಾ ಸತಾಯಿಸಿತು. ನನ್ನ ಸಿಲಿಂಡರಿಗೆ ಬೇಕಾದದ್ದು ಬಬಲ್ ಫ್ಲೇರ್, ಅಂದರೆ ಗುಳ್ಳೆಯ ಹಾಗೆ ದುಂಡಗೆ ಉಬ್ಬಿದ ತುದಿ. ಮೊದಲ ಕೆಲವು ತುಂಡು ಒಂದು ಕಡೆ ವಾಲಿದವು, ಕೆಲವು ತುದಿಯಲ್ಲಿ ಬಿರುಕು ಬಿಟ್ಟವು. ಮಾರು ಉದ್ದದ ಪೈಪು ಇದರಲ್ಲೇ ಖರ್ಚಾಯಿತು. ಕತ್ತರಿಸಿದ ಬಾಯನ್ನು ಒಳಗೂ ಹೊರಗೂ ಉಜ್ಜಿ ನಯ ಮಾಡಿ, ತುದಿಗೆ ಒಂದು ಹನಿ ಬ್ರೇಕ್ ಆಯಿಲ್ ಹಚ್ಚಿದ ಮೇಲೆ ದುಂಡಗೆ ಬಂತು. ಪೈಪು ಟೂಲಿನ ಅಚ್ಚಿನಿಂದ (ಡೈ) ಎಷ್ಟು ಹೊರಗಿರಬೇಕು ಅನ್ನುವ ಲೆಕ್ಕ ನನ್ನ ಹತ್ತಿರವೇ ಇರಲಿ. ಅದನ್ನು ಕಂಡುಕೊಳ್ಳಲು ದುಡ್ಡು ಸುರಿದಿದ್ದೇನೆ!

ಇನ್ನು ಏರ್ ತೆಗೆಯುವ ಕಥೆ. ಮಗನನ್ನು ಕೂರಿಸಿ ಪೆಡಲ್ ಒತ್ತಿಸಿದೆ. ಅರ್ಧ ಲೀಟರ್ ಆಯಿಲ್ ಹೋಯಿತು, ಪೆಡಲ್ ನೆಲಕ್ಕೇ ಅಂಟಿಕೊಂಡಿತ್ತು. ಪೈಪು ಒಂದು ಕಡೆ ಮೇಲೆದ್ದು ಬಾಗುತ್ತದೆ, ಗಾಳಿ ಅಲ್ಲೇ ಕೂತಿರುತ್ತದೆ. ಒಂದು ಒತ್ತಿಗೆ ಮಾಸ್ಟರ್ ತಳ್ಳುವ ಆಯಿಲ್ ಬಹಳ ಕಡಿಮೆ, ಆ ಗಾಳಿಯನ್ನು ಕೆಳಕ್ಕೆ ಎಳೆಯುವ ಶಕ್ತಿ ಅದಕ್ಕಿಲ್ಲ. ರಾತ್ರಿಯಿಡೀ ಸ್ಲೇವಿನಲ್ಲಿ ಗಾಳಿ ಬಿಡಲು ಇರುವ ನಿಪ್ಪಲ್ ಸಡಿಲ ಬಿಟ್ಟು, ಆಯಿಲ್ ತಾನಾಗಿ ಇಳಿಯಲಿ ಅಂತ ಕಾದೆ. ಅದೂ ಸುಮ್ನೆ.

ಗಾಳಿಗೆ ಮೇಲೆ ಹೋಗುವುದು ಸುಲಭ. ಹಾಗಾಗಿ ಕೆಳಗಿನಿಂದ ತುಂಬಿಸಿದೆ. ಮೆಡಿಕಲ್ ಶಾಪಿನ 60 ಎಂಎಲ್ ಸಿರಿಂಜು, ಪಾರದರ್ಶಕ ಟ್ಯೂಬು, ಹೊಸ ಡಾಟ್ 4 ಬ್ರೇಕ್ ಆಯಿಲ್. ನಿಪ್ಪಲ್ಲಿನ ತಿರುಪು ಗೆರೆಗಳಿಗೆ (ಥ್ರೆಡ್) ಮಾತ್ರ ಟೆಫ್ಲಾನ್ ಟೇಪ್ ಸುತ್ತಿದೆ, ತುದಿಗೆ ತಾಗಬಾರದು. ಮಾಸ್ಟರಿನ ಮೇಲಿನ ಆಯಿಲ್ ಡಬ್ಬಿಯಿಂದ ಅರ್ಧ ಆಯಿಲ್ ಮೊದಲೇ ಹೀರಿ ತೆಗೆಯಿರಿ, ಉಕ್ಕಿದರೆ ಪೇಂಟ್ ಎದ್ದು ಬರುತ್ತದೆ. ಬಿದ್ದರೆ ತಕ್ಷಣ ನೀರು ಸುರಿಯಿರಿ. ಟ್ಯೂಬನ್ನು ನಿಪ್ಪಲ್ಲಿಗೆ ಸಿಕ್ಕಿಸಿ ಸಿರಿಂಜನ್ನು ನಿಧಾನವಾಗಿ ಒತ್ತಿದೆ. ಡಬ್ಬಿಯಲ್ಲಿ ಮೊದಲು ದೊಡ್ಡ ಗುಳ್ಳೆ, ಆಮೇಲೆ ಸಾಸಿವೆಯಷ್ಟು ಸಣ್ಣವು, ಆಮೇಲೆ ಬರೀ ತಿಳಿ ಆಯಿಲ್. ನಿಪ್ಪಲ್ ಬಿಗಿ ಮಾಡಿ, ಸ್ಲೇವಿನ ರಾಡನ್ನು ಕೈಯಲ್ಲೇ ಮೆಲ್ಲಗೆ ಒಳಕ್ಕೆ ಒತ್ತಿ ಹಿಡಿದಾಗ ಇನ್ನೊಂದಿಷ್ಟು ಗುಳ್ಳೆ ಎದ್ದವು. ಪೆಡಲ್ ಒತ್ತಿದೆ. ಅರ್ಧ ದಾರಿಯಲ್ಲೇ ಕಾಲಿಗೆ ಗಟ್ಟಿ ಸಿಕ್ಕಿತು. ಗಂಟೆಗಟ್ಟಲೆ ಒದ್ದಾಡಿಸಿದ ಕೆಲಸ ಹದಿನೈದು ನಿಮಿಷದಲ್ಲಿ ಮುಗಿದಿತ್ತು.

ಆಯಿಲ್, ಸಿರಿಂಜು ಎಲ್ಲಾ ಸೇರಿ 5,000ದ ಒಳಗೇ ಆಯಿತು, ಟೂಲ್ ಮನೆಯಲ್ಲೇ ಉಳಿಯಿತು. ಆಮೇಲೆ ಪಕ್ಕದ ಮನೆಯವರ ಗಾಡಿಗೂ ಹಾಕಿಕೊಟ್ಟೆ, ಅದೂ ಸೋರಿಲ್ಲ.

ಇದರ ಜೊತೆ ಇನ್ನೊಂದು ನೋಡಬೇಕು ಅನ್ನಿಸಿತು. ಹಳೇ ಪೈಪಿನ ಒಳ್ಳೆ ತುಂಡು ಬರಿದಾಗಿ ಒಂದು, ಪೇಂಟ್ ಹೊಡೆದು ಒಂದು, ಗ್ರೀಸ್ ಸವರಿ ಒಂದು, ತಾಮ್ರ-ನಿಕಲ್ಲಿನದು ಒಂದು, ಹೀಗೆ ತಾರಸಿಯಲ್ಲಿ ತಂತಿಗೆ ಕಟ್ಟಿದೆ. ಮಳೆಗಾಲ ಮುಗಿಯುವಾಗ ಬರಿ ಕಬ್ಬಿಣ ಪೂರ್ತಿ ಕೆಂಪು. ಪೇಂಟ್ ಹೊಡೆದದ್ದು ಗೀರು ಬಿದ್ದಲ್ಲಿ ಒಳಗಿನಿಂದ ಉಬ್ಬಿತ್ತು. ಗ್ರೀಸಿನದು ಪರವಾಗಿಲ್ಲ. ತಾಮ್ರ-ನಿಕಲ್ ಸ್ವಲ್ಪ ಕಪ್ಪಾಗಿತ್ತು, ಅಷ್ಟೇ. ಉಳಿದ ಪೈಪಿನಲ್ಲಿ ಈ ಬೇಸಿಗೆಗೆ ಹಿಂದಿನ ಬ್ರೇಕ್ ಲೈನ್ ಮಾಡಬೇಕು ಅಂತಿದ್ದೇನೆ.